ಬಿಸಿಲು ಎಲ್ಲರ ಮೇಲೂ ಬೀಳುತ್ತೆ, ಸಬ್ಸಿಡಿ ಮೋಲ್ಡ್ ಮನೆ ಮೇಲೆ ಮಾತ್ರ



ಉದ್ದದ ಪೋಸ್ಟ್ ಇದು. ಸ್ವಲ್ಪ ಪುರುಸೊತ್ತು ಮಾಡ್ಕೊಂಡು ಓದಿ. ಓದಿ ಬೈಯ್ಯೋದಿದ್ರೂ ಬೈಯ್ಯಿರಿ, ಆದ್ರೆ ಓದಿ.

ಹೋದ ಸಲ ಊರಿಗೆ ಹೋದಾಗ ಅವ್ವ ಒಂದು ಪಾಂಪ್ಲೆಟ್ ತೆಗೆದಿಟ್ಟಿದ್ಲು. ಪಂಚಾಯಿತಿ ಹತ್ರ ಯಾರೋ ಹಂಚಿದ್ದಂತೆ. ಮನೆ ಮೇಲೆ ಸೋಲಾರ್ ಹಾಕಿಸ್ಕೊಳ್ಳಿ, ತಿಂಗಳಿಗೆ 300 ಯುನಿಟ್ ಕರೆಂಟು ಉಚಿತ, ಸರ್ಕಾರ ಸಬ್ಸಿಡಿ ಕೊಡುತ್ತೆ ಅಂತ ಅದರಲ್ಲಿತ್ತು. ಅವ್ವನಿಗೆ ಓದೋಕೆ ಬರಲ್ಲ. ಆದ್ರೆ ಚಿತ್ರದಲ್ಲಿ ಮನೆ ಇತ್ತು, ಮನೆ ಮೇಲೆ ಕನ್ನಡಿ ಥರದ್ದು ಇತ್ತು, ಪಕ್ಕದಲ್ಲಿ ಒಬ್ಬ ಹೆಂಗಸು ನಗ್ತಾ ನಿಂತಿದ್ಲು. "ಇದು ನಮ್ಗೂ ಆಗ್ತದೇನೋ, ಕೇಳು" ಅಂದ್ಲು.

ಕೇಳೋಕೆ ಹೋದ್ವಿ. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಮಾತಾಡಿದ್ರು. ಆರ್‌ಆರ್ ನಂಬರ್ ಯಾರ ಹೆಸರಲ್ಲಿದೆ ಅಂದ್ರು. ತಾತನ ಹೆಸರಲ್ಲಿದೆ. ಅದು ಯಾವ ಕಾಲದ್ದೋ ಭಾಗ್ಯಜ್ಯೋತಿ ಕನೆಕ್ಷನ್ನು, ತಾತ ತೀರ್ಕೊಂಡು ಇಪ್ಪತ್ತು ವರ್ಷ ಆಯ್ತು. ಖಾತೆ ಯಾರ ಹೆಸರಲ್ಲಿದೆ ಅಂದ್ರು. ಅದೂ ತಾತಂದೇ. ಮೇಲೆ ಮೋಲ್ಡ್ ಹಾಕಿದೆಯಾ, ಶೀಟಾ ಅಂದ್ರು. ಶೀಟು. "ಶೀಟ್ ಮೇಲೆ ಕಷ್ಟ ಕಣ್ರೀ. ಮೊದ್ಲು ಖಾತೆ ಮಾಡಿಸ್ಕೊಳ್ಳಿ, ಮೋಲ್ಡ್ ಹಾಕಿಸ್ಕೊಳ್ಳಿ, ಆಮೇಲೆ ಬನ್ನಿ" ಅಂದ್ರು.

ವಾಪಸ್ ಬರ್ತಾ ಅವ್ವ ಸುಮಾರು ದೂರ ಮಾತಾಡಲಿಲ್ಲ. ಕೇರಿ ಹತ್ರ ಬಂದಾಗ ಹೇಳಿದ್ಲು: "ಬಿಸ್ಲು ನಮ್ ಶೀಟ್ ಮೇಲೇನೇ ಜಾಸ್ತಿ ಕಣೋ ಬೀಳೋದು. ಮಧ್ಯಾಹ್ನ ಒಳಗೆ ಕೂರಾಕಾಗಲ್ಲ."

ಈ ಪೋಸ್ಟ್ ಬರೆಯೋಕೆ ಆ ಮಾತೇ ಕಾರಣ.

ನೋಡಿ, ಪರಿಸರ, ಹವಾಮಾನ ಬದಲಾವಣೆ, ಕಾರ್ಬನ್ನು ಅಂದ್ರೆ ನಮ್ಮ ಚಳವಳಿಯಲ್ಲಿ ಬಹಳ ಜನಕ್ಕೆ ಅದು ಬೆಂಗಳೂರಿನ ಹೊಟ್ಟೆ ತುಂಬಿದವರ ವಿಷಯ. ನಾನೂ ಹಂಗೇ ಅಂದ್ಕೊಂಡಿದ್ದೆ. ನಮಗೆ ಭೂಮಿ, ಮೀಸಲಾತಿ, ದೌರ್ಜನ್ಯ, ಹಾಸ್ಟೆಲ್, ಸ್ಮಶಾನ ಇಷ್ಟರಲ್ಲೇ ದಿನ ಮುಗಿದುಹೋಗುತ್ತೆ. ಆದ್ರೆ ಸರ್ಕಾರಗಳು ಈಗ ಸಾವಿರಾರು ಕೋಟಿ ಹಣ, ಸಾವಿರಾರು ಎಕರೆ ಭೂಮಿಯನ್ನ ಈ 'ಹಸಿರು ಶಕ್ತಿ' ಹೆಸರಲ್ಲಿ ಹಂಚ್ತಾ ಇವೆ. ಹಂಚಿಕೆ ನಡೀತಾ ಇರೋ ಕಡೆ ನಾವಿಲ್ಲ ಅಂದ್ರೆ ನಮ್ಮ ಪಾಲಿಗೆ ಏನು ಬರುತ್ತೆ ಅಂತ ಬೇರೆ ಹೇಳಬೇಕಾ?

ಇನ್ನೊಂದು ಮಾತು. ಕರೆಂಟು ನಮ್ಮ ವಿಷಯ ಅಲ್ಲ ಅನ್ನೋರು ಬಾಬಾಸಾಹೇಬರನ್ನ ಅರ್ಧ ಮಾತ್ರ ಓದಿದ್ದಾರೆ ಅಂತ ಅರ್ಥ. 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಅವರು ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ ಮತ್ತು ನೀರಾವರಿ ಕೂಡ ಅವರ ಕೈಯಲ್ಲೇ ಇತ್ತು. ದಾಮೋದರ ಕಣಿವೆ ಯೋಜನೆಯ ಹಿಂದೆ ಅವರ ದುಡಿಮೆ ಇದೆ. ಇವತ್ತಿನ ಕೇಂದ್ರ ವಿದ್ಯುತ್ ಪ್ರಾಧಿಕಾರದ ಬೇರು ಹುಡುಕ್ತಾ ಹೋದ್ರೆ ಅವರ ಕಾಲದಲ್ಲಿ ಶುರುವಾದ ತಾಂತ್ರಿಕ ವಿದ್ಯುತ್ ಮಂಡಳಿಗೆ ಹೋಗಿ ನಿಲ್ಲುತ್ತೆ. 1943ರಲ್ಲೇ ಅವರು ಕೇಳಿದ ಪ್ರಶ್ನೆ ಸ್ಪಷ್ಟವಾಗಿತ್ತು: ವಿದ್ಯುತ್ ಯಾರ ಒಡೆತನದಲ್ಲಿ ಇರಬೇಕು, ಬಡವನಿಗೆ ಅಗ್ಗವಾಗಿ ಸಿಗೋದು ಹೇಗೆ? ಅವರಿಗೆ ಕರೆಂಟು ಅಂದ್ರೆ ದೀಪ ಅಲ್ಲ, ಬಡತನದಿಂದ ಆಚೆ ಬರೋ ದಾರಿ. 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ಅವರು ಭೂಮಿಯೂ ಮೂಲ ಕೈಗಾರಿಕೆಗಳೂ ಸರ್ಕಾರದ ಒಡೆತನದಲ್ಲಿರಬೇಕು, ಹಳ್ಳಿಯಲ್ಲಿ ಜಮೀನ್ದಾರನೂ ಇರಬಾರದು ಭೂಮಿ ಇಲ್ಲದ ಕೂಲಿಯೂ ಇರಬಾರದು ಅಂತ ಯಾಕೆ ಬರೆದರು? ಒಡೆತನ ಯಾರ ಕೈಲಿದೆಯೋ ಲಾಭ ಅವರ ಕೈಗೇ ಹೋಗುತ್ತೆ ಅನ್ನೋದು ಅವರಿಗೆ ಗೊತ್ತಿತ್ತು.

ಅದೇ ಕನ್ನಡಕ ಹಾಕ್ಕೊಂಡು ಇವತ್ತಿನ ಯೋಜನೆಗಳನ್ನ ಒಂದೊಂದಾಗಿ ನೋಡೋಣ.

ಮೊದಲು ಪಾವಗಡ

ನಮ್ಮ ತುಮಕೂರು ಜಿಲ್ಲೆಯ ಪಾವಗಡ. ಮಳೆ ಕೈಕೊಟ್ಟ ಸೀಮೆ, ಫ್ಲೋರೈಡ್ ನೀರಿನ ಸೀಮೆ. ಮಳೆ ಬಂದ ವರ್ಷ ಕಡ್ಲೆಕಾಯಿ, ಬರದಿದ್ರೆ ಬೆಂಗಳೂರಿನ ಕಟ್ಟಡ ಕೆಲಸ. ಅಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಈ ಐದು ಊರುಗಳ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. ಆಗ ದೇಶಕ್ಕೆಲ್ಲ ಇದರದ್ದೇ ಸುದ್ದಿ.

ಇದರಲ್ಲಿ ಒಳ್ಳೆಯದು ಏನಿದೆಯೋ ಅದನ್ನ ಮೊದಲು ಹೇಳಿಬಿಡ್ತೀನಿ. ಭೂಮಿಯನ್ನ ಸ್ವಾಧೀನ ಮಾಡ್ಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡ್ರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಒಡೆತನ ರೈತನದ್ದೇ. ಕೈಗಾರಿಕೆ ಹೆಸರಲ್ಲಿ ಭೂಮಿ ಕಿತ್ಕೊಂಡು ಮೂರು ಕಾಸು ಪರಿಹಾರ ಕೊಟ್ಟು ಓಡಿಸಿದ್ದನ್ನ ನೋಡಿದ ನಮಗೆ ಇದು ಎಷ್ಟೋ ವಾಸಿ. ಮಳೆ ನಂಬಿ ಬಿತ್ತೋ ರೈತನಿಗೆ ನಿಗದಿ ದುಡ್ಡು ಬಂದ್ರೆ ನಮಗ್ಯಾಕೆ ಹೊಟ್ಟೆಕಿಚ್ಚು?

ಆದ್ರೆ ಲೆಕ್ಕ ಮಾಡಿ. 13 ಸಾವಿರ ಎಕರೆಗೆ 21 ಸಾವಿರದಂತೆ ವರ್ಷಕ್ಕೆ 27 ಕೋಟಿ ರೂಪಾಯಿ. ಈ 27 ಕೋಟಿಯಲ್ಲಿ ಆ ಭೂಮಿ ಮೇಲೆ ದುಡೀತಿದ್ದ ಕೂಲಿಯವರ ಪಾಲೆಷ್ಟು? ಸೊನ್ನೆ. ಕಳೆ ತೆಗೆದೋಳು, ಕಡ್ಲೆಕಾಯಿ ಕಿತ್ತೋಳು, ಬಿಡಿಸಿದೋಳು, ಆ ಹೊಲದಲ್ಲಿ ಕುರಿ ಮೇಕೆ ಮೇಯಿಸಿದೋನು ಯಾರ ಹೆಸರೂ ಪಹಣಿಯಲ್ಲಿ ಇಲ್ಲ. ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತೆ. ಹತ್ತು ಎಕರೆ ಇದ್ದವನಿಗೆ ಕೂತಲ್ಲೇ ವರ್ಷಕ್ಕೆ ಎರಡು ಲಕ್ಷ ಹತ್ತು ಸಾವಿರ. ಅವನ ಹೊಲದಲ್ಲಿ ಮೂವತ್ತು ವರ್ಷ ಬಗ್ಗಿದ ಹೆಂಗಸಿಗೆ ಬೇಲಿ.

ಅಲ್ಲಿಗೆ ಹೋದಾಗ ಒಬ್ಬ ವಯಸ್ಸಾದ ತಾಯಿ ಹತ್ರ ಮಾತಾಡ್ದೆ. "ಕೆಲ್ಸ ಸಿಗಲಿಲ್ವೇನಮ್ಮ ಒಳಗೆ?" ಅಂದೆ. "ಹುಡುಗ್ರನ್ನ ಕರೀತಾರಪ್ಪ, ಕನ್ನಡಿ ತೊಳ್ಯಾಕೆ, ಹುಲ್ಲು ಕುಯ್ಯಾಕೆ, ಗೇಟ್ ಕಾಯಾಕೆ. ನಮ್ಮಂಥ ಮುದುಕೀರನ್ನ ಯಾರು ಕರೀತಾರೆ? ಮುಂಚೆ ವಲದಾಗೆ ವಯಸ್ಸು ಕೇಳ್ತಿರಲಿಲ್ಲ" ಅಂದ್ಲು. ಪಾರ್ಕ್ ಕಟ್ಟುವಾಗ ಒಂದೆರಡು ವರ್ಷ ಕೂಲಿ ಸಿಕ್ತು. ಕಟ್ಟಿ ಮುಗಿದ ಮೇಲೆ ಸೋಲಾರ್‌ಗೆ ಜನ ಬೇಕಾಗಿರೋದು ಕಡಿಮೆ. ಅದು ಯಂತ್ರದ ಗುಣ, ಯಾರ ತಪ್ಪೂ ಅಲ್ಲ. ಆದ್ರೆ ಅದು ಮೊದಲೇ ಗೊತ್ತಿದ್ದ ವಿಷಯ ತಾನೆ? ಗೊತ್ತಿದ್ದೂ ಕೂಲಿಯವರಿಗೆ ಅಂತ ಒಂದು ಕಾಲಂ ಇಡಲಿಲ್ವಲ್ಲ, ಅದು ತಪ್ಪು.

2011ರ ಜನಗಣತಿ ಪ್ರಕಾರ ದೇಶದಲ್ಲಿ ಕೃಷಿಯಲ್ಲಿ ದುಡಿಯೋ ದಲಿತರಲ್ಲಿ ಶೇ 71ರಷ್ಟು ಜನ ಬೇರೆಯವರ ಹೊಲದ ಕೂಲಿಗಳು. ಹಾಗಿರುವಾಗ 'ಭೂಮಾಲೀಕರಿಗೆ ಗುತ್ತಿಗೆ' ಅನ್ನೋ ಯೋಜನೆಯನ್ನ ಜಾತಿ ಇಲ್ಲದ ಯೋಜನೆ ಅಂತ ಹೇಗೆ ಕರೆಯೋದು? ಕಾಗದದಲ್ಲಿ ಎಲ್ಲೂ ಜಾತಿ ಅನ್ನೋ ಪದ ಇಲ್ಲ. ಪಹಣಿ ಅಂತಿದೆ. ನಮ್ಮ ಹಳ್ಳಿಗಳಲ್ಲಿ ಪಹಣಿ ಅಂದ್ರೇನೇ ಜಾತಿ.

ಇನ್ನು ನಮ್ಮವರಿಗೆ ಭೂಮಿ ಇದ್ರೂ ಅದು ಎಂಥದ್ದು? ಬಗರ್‌ಹುಕುಂ ಸಾಗುವಳಿ. ಫಾರಂ 50, 53, 57 ಹಾಕಿ ತಾತ, ಅಪ್ಪ, ಮಗ ಮೂರು ತಲೆಮಾರು ಕಾಯ್ತಾ ಕೂತಿರೋರು ಎಷ್ಟು ಜನ ಇಲ್ಲ! ಸಾಗುವಳಿ ಚೀಟಿ ಇಲ್ಲದವನ ಜೊತೆ ಯಾರೂ ಗುತ್ತಿಗೆ ಬರೆಸಿಕೊಳ್ಳಲ್ಲ. ಮಂಜೂರಾದ ಭೂಮಿ ಇದ್ರೆ ಪಿಟಿಸಿಎಲ್ ಕಾಯ್ದೆ ಇದೆ. 1978ರ ಆ ಕಾಯ್ದೆಯಲ್ಲಿ ಪರಭಾರೆ ಅಂದ್ರೆ ಮಾರಾಟ ಒಂದೇ ಅಲ್ಲ, ಗುತ್ತಿಗೆಯೂ ಸೇರುತ್ತೆ. ಸರ್ಕಾರದ ಅನುಮತಿ ಬೇಕು. ಈ ಕಾಯ್ದೆ ನಮ್ಮ ರಕ್ಷಾಕವಚ, ಅದನ್ನ ಸಡಿಲ ಮಾಡಿ ಅಂತ ನಾನು ಹೇಳ್ತಿಲ್ಲ. ನಾಳೆ ಸೋಲಾರ್, ಗಾಳಿಯಂತ್ರ ಕಂಪನಿಗಳ ಏಜೆಂಟರು ಹಳ್ಳಿಗೆ ಬಂದಾಗ ನಮ್ಮವರ ಮಂಜೂರಿ ಭೂಮಿಯ ಕಾಗದಕ್ಕೆ ಯಾರು ಯಾವ ಷರತ್ತಿಗೆ ಹೆಬ್ಬೆಟ್ಟು ಒತ್ತಿಸ್ಕೊಳ್ತಾರೆ ಅನ್ನೋದರ ಮೇಲೆ ಕಣ್ಣಿಡಿ ಅಂತ ಹೇಳ್ತಿದ್ದೀನಿ.

ಎರಡನೇದು ಮನೆ ಮೇಲಿನ ಸೋಲಾರ್

ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂತು. 75 ಸಾವಿರ ಕೋಟಿಯ ಯೋಜನೆ, ಒಂದು ಕೋಟಿ ಮನೆ ಗುರಿ. 1 ಕಿಲೋವಾಟ್‌ಗೆ 30,000, 2ಕ್ಕೆ 60,000, 3 ಅಥವಾ ಅದಕ್ಕಿಂತ ಹೆಚ್ಚಾದರೆ 78,000 ರೂಪಾಯಿ ಸಬ್ಸಿಡಿ. ಅಂದ್ರೆ ದೊಡ್ಡ ಚಾವಣಿಗೆ ದೊಡ್ಡ ಸಬ್ಸಿಡಿ. ಮೇಲಿನ ದುಡ್ಡು ಕೈಯಿಂದ ಹಾಕಬೇಕು, ಇಲ್ಲಾ ಬ್ಯಾಂಕ್ ಸಾಲ. ಚಾವಣಿ ನಿಮ್ಮದಾಗಿರಬೇಕು, ಗಟ್ಟಿಯಾಗಿರಬೇಕು. ಬಾಡಿಗೆ ಮನೆಯವರಿಗೆ, ಶೀಟಿನ ಮನೆಯವರಿಗೆ, ಸ್ಲಂನಲ್ಲಿ ಒಂದರ ಮೇಲೊಂದು ಕಟ್ಟಿಕೊಂಡ ಗೂಡುಗಳಿಗೆ ಇದು ದೂರದ ಮಾತು.

ಹಂಗಂತ ದಾರಿ ಇಲ್ವಾ? ಇದೆ. ಪಾವಗಡದ ಗಡಿ ದಾಟಿದ್ರೆ ಆಂಧ್ರ. ಅಲ್ಲಿನ ಸರ್ಕಾರ ಎಸ್‌ಸಿ, ಎಸ್‌ಟಿ ಮನೆಗಳಿಗೆ 2 ಕಿಲೋವಾಟ್‌ವರೆಗೆ ಪೂರ್ತಿ ಉಚಿತವಾಗಿ ಹಾಕಿಕೊಡ್ತೀವಿ ಅಂತ ಇದೇ ಕೇಂದ್ರ ಯೋಜನೆಗೆ ತನ್ನ ಹಣ ಸೇರಿಸಿ ಘೋಷಣೆ ಮಾಡಿದೆ. ಅಲ್ಲಿ ಎಷ್ಟು ಮನೆಗೆ ಮುಟ್ಟುತ್ತೆ ಅನ್ನೋದನ್ನ ಕಾದು ನೋಡೋಣ. ಆದ್ರೆ ದಲಿತ ಮನೆಗೆ ಬೇರೆ ಲೆಕ್ಕ ಬೇಕು ಅನ್ನೋದನ್ನ ಒಪ್ಪಿಕೊಂಡಿದ್ದಾರಲ್ಲ, ನಮ್ಮಲ್ಲಿ ಆ ಮಾತೂ ಬಂದಿಲ್ಲ.

ಮೂರನೇದು ಗೃಹಜ್ಯೋತಿ. ಇಲ್ಲಿ ನನಗೆ ಬೈಗುಳ ಗ್ಯಾರಂಟಿ

ಗೃಹಜ್ಯೋತಿಯನ್ನ ನಾನು ವಿರೋಧಿಸ್ತಿಲ್ಲ. 'ಬಿಟ್ಟಿ ಭಾಗ್ಯ' ಅಂತ ಆಡ್ಕೊಳ್ಳೋರ ಜೊತೆ ನಾನಿಲ್ಲ. ಬಾಡಿಗೆ ಮನೆಯವರನ್ನೂ ಸೇರಿಸಿದ್ದು ದೊಡ್ಡ ವಿಷಯ. ನಮ್ಮ ಕೇರಿಯಲ್ಲಿ ಬಿಲ್ ಕಟ್ಟದೆ ಫ್ಯೂಸ್ ಕಿತ್ಕೊಂಡು ಹೋಗ್ತಿದ್ದ ದಿನಗಳು ನಿಂತಿವೆ. ಅದು ಸಣ್ಣ ಮಾತಲ್ಲ.

ಆದ್ರೆ ಅದರ ಲೆಕ್ಕ ನೋಡಿ. 200 ಯುನಿಟ್ ಎಲ್ಲರಿಗೂ ಅಲ್ಲ. 2022-23ರಲ್ಲಿ ನೀವು ಸರಾಸರಿ ಎಷ್ಟು ಬಳಸ್ತಿದ್ರೋ ಅದಕ್ಕೆ ಶೇ 10 ಸೇರಿಸಿ ಅಷ್ಟು ಉಚಿತ. 180 ಯುನಿಟ್ ಬಳಸ್ತಿದ್ದ ಮನೆಗೆ 198 ಉಚಿತ. 30 ಯುನಿಟ್ ಬಳಸ್ತಿದ್ದ ಮನೆಗೆ 33 ಉಚಿತ. ಆಮೇಲೆ 2024ರಲ್ಲಿ ಕಡಿಮೆ ಬಳಸೋರಿಗೆ ಶೇ 10ರ ಬದಲು 10 ಯುನಿಟ್ ಕೊಡೋದು ಅಂತ ತಿದ್ದಿದ್ರು, ಅಂದ್ರೆ 33 ಇದ್ದದ್ದು 40 ಆಯ್ತು. ಟಿವಿ, ಫ್ರಿಜ್, ಗೀಸರ್ ಇದ್ದವನಿಗೆ ಅವನ ಹಳೇ ಸೌಕರ್ಯಕ್ಕೆ ತಕ್ಕಂತೆ, ಒಂದು ಬಲ್ಬು ಒಂದು ಫ್ಯಾನು ಇದ್ದವನಿಗೆ ಅವನ ಹಳೇ ಬಡತನಕ್ಕೆ ತಕ್ಕಂತೆ. ನಿನ್ನೆ ಕತ್ತಲಲ್ಲಿದ್ದವನು ನಾಳೆನೂ ಹೆಚ್ಚುಕಮ್ಮಿ ಅಷ್ಟೇ ಬೆಳಕಲ್ಲಿ ಇರಲಿ ಅಂತ ಲೆಕ್ಕ ಹಾಕಿದಂಗಾಯ್ತು.

ಇದಕ್ಕಿಂತ ದೊಡ್ಡ ವಿಷಯ ದುಡ್ಡು ಎಲ್ಲಿಂದ ಬಂತು ಅನ್ನೋದು. 2023-24ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿಯ ಸುಮಾರು 34 ಸಾವಿರ ಕೋಟಿಯಲ್ಲಿ 11 ಸಾವಿರ ಕೋಟಿಗೂ ಹೆಚ್ಚನ್ನ ಗ್ಯಾರಂಟಿಗಳಿಗೆ ತೋರಿಸಿದ್ರು. ಮರುವರ್ಷ 39 ಸಾವಿರ ಕೋಟಿಯಲ್ಲಿ 14 ಸಾವಿರ ಕೋಟಿಗೂ ಹೆಚ್ಚು. ಸರ್ಕಾರ ಹೇಳೋದು, ಫಲಾನುಭವಿಗಳಲ್ಲಿ ನಿಮ್ಮವರೂ ಇದ್ದಾರಲ್ಲ, ಅವರ ಪಾಲಿನ ಲೆಕ್ಕ ಇದು ಅಂತ. ನನ್ನ ಪ್ರಶ್ನೆ ಇಷ್ಟೇ. ಗೃಹಜ್ಯೋತಿ ನಾಡಿನ ಎಲ್ಲರಿಗೂ ಕೊಟ್ಟಿದ್ದು. ಬೇರೆ ಜಾತಿಯವರಿಗೆ ಸಾಮಾನ್ಯ ಬಜೆಟ್‌ನಿಂದ ಉಚಿತ ಕರೆಂಟು, ನಮಗೆ ಮಾತ್ರ ನಮ್ಮದೇ ಹುಂಡಿಯಿಂದ ತೆಗೆದು 'ಉಚಿತ' ಕರೆಂಟು ಅಂದ್ರೆ ಅದು ಯಾವ ನ್ಯಾಯ? 2013ರ ಕಾಯ್ದೆ ಬಂದಿದ್ದೇ ನೂರಾರು ವರ್ಷದ ಅಂತರವನ್ನ ತುಂಬೋಕೆ, ಎಲ್ಲರಿಗೂ ಸಿಗೋದನ್ನ ನಮಗೆ ಕೊಟ್ಟು ಲೆಕ್ಕ ಬರೆಯೋಕಲ್ಲ. 7ಡಿ ಕಲಂ ತೆಗೆದು ಚಪ್ಪಾಳೆ ಹೊಡೆಸಿಕೊಂಡ ಸರ್ಕಾರವೇ ಇನ್ನೊಂದು ಬಾಗಿಲಿಂದ ಅದೇ ಕೆಲಸ ಮಾಡಿದ್ರೆ ನಾವು ಸುಮ್ಮನೆ ಕೂರಬೇಕಾ?

ಆ ದುಡ್ಡಲ್ಲಿ ಒಂದು ಪಾಲು ಖರ್ಚು ಮಾಡಿದ್ರೂ ನಮ್ಮ ಹಾಸ್ಟೆಲ್‌ಗಳ, ವಸತಿ ಶಾಲೆಗಳ, ಅಂಬೇಡ್ಕರ್ ಭವನಗಳ ಮೇಲೆಲ್ಲ ಸೋಲಾರ್ ಹಾಕಬಹುದಿತ್ತು. ಅದು ಇಪ್ಪತ್ತೈದು ವರ್ಷ ಬಾಳೋ ಆಸ್ತಿ. ತಿಂಗಳ ಬಿಲ್ಲಿಗೆ ಹೋದ ದುಡ್ಡು ಮರುದಿನ ಕೈಯಲ್ಲಿ ಇರಲ್ಲ.

ನಾಲ್ಕನೇದು 'ಕರೆಂಟು ಉಳಿಸಿ' ಅನ್ನೋ ಉಪದೇಶ

ಪ್ರತಿ ವರ್ಷ ಡಿಸೆಂಬರ್ 14 ಇಂಧನ ಸಂರಕ್ಷಣಾ ದಿನ. ಶಾಲೆ ಮಕ್ಕಳ ಕೈಲಿ ಬೋರ್ಡ್ ಹಿಡಿಸಿ ಜಾಥಾ. ನಮ್ಮವ್ವನ ಮನೆ ತಿಂಗಳಿಗೆ ಸುಮಾರು 30 ಯುನಿಟ್. ಒಂದೂವರೆ ಟನ್ನಿನ ಎ.ಸಿ. ಒಂದು ರಾತ್ರಿ ಎಂಟು ಗಂಟೆ ಓಡಿದ್ರೆ ಏಳೆಂಟು ಯುನಿಟ್. ಅಂದ್ರೆ ನಾಲ್ಕು ರಾತ್ರಿಯ ಎ.ಸಿ. ನಮ್ಮವ್ವನ ಒಂದು ತಿಂಗಳು. ಇಂಥೋರಿಗೆ ಉಳಿತಾಯದ ಪಾಠ ಬೇಕಾ? ಅವರು ಉಳಿಸಿಯೇ ಬದುಕಿರೋರು.

ಆದ್ರೆ ಉಳಿತಾಯದ ಯಂತ್ರ ಅವರಿಗೆ ಖಂಡಿತ ಬೇಕು. ಎಲ್‌ಇಡಿ ಬಲ್ಬಿನ ವಿಷಯದಲ್ಲಿ ಸರ್ಕಾರ ಒಳ್ಳೆ ಕೆಲಸ ಮಾಡಿತು, ಒಪ್ಪಬೇಕು. 2015ರಲ್ಲಿ ಉಜಾಲಾ ಬಂತು, ನಮ್ಮಲ್ಲಿ 'ಹೊಸ ಬೆಳಕು' ಅಂತ ಕರೆದರು. ಸಗಟಾಗಿ ಕೊಂಡಿದ್ದಕ್ಕೆ ಬೆಲೆ ಇಳೀತು, ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬು ಹಂಚಿದ್ರು. 60 ವಾಟ್ ಬಲ್ಬಿನ ಜಾಗಕ್ಕೆ 9 ವಾಟ್ ಬಂತು. ಇವತ್ತು ಕೇರಿಯಲ್ಲಿ ಹಳೇ ಬಲ್ಬು ಹುಡುಕಿದ್ರೂ ಸಿಗಲ್ಲ.

ಅದೇ ಕೆಲಸ ಫ್ಯಾನಿಗೆ ಯಾಕಾಗಲಿಲ್ಲ? ಸಾಮಾನ್ಯ ಫ್ಯಾನು 75 ವಾಟ್. ದಿನಕ್ಕೆ 12 ಗಂಟೆ ಓಡಿದ್ರೆ ತಿಂಗಳಿಗೆ 27 ಯುನಿಟ್. ಹೊಸ ಬಿಎಲ್‌ಡಿಸಿ ಫ್ಯಾನು 30 ವಾಟ್ ಆಸುಪಾಸು, ತಿಂಗಳಿಗೆ 11 ಯುನಿಟ್ ಸಾಕು. ಆದ್ರೆ ಬೆಲೆ ಸುಮಾರು ದುಪ್ಪಟ್ಟು. ಅಂಗಡಿಯಲ್ಲಿ ಸ್ಟಾರ್ ಜಾಸ್ತಿ ಇರೋದು ದುಬಾರಿ, ಸ್ಟಾರ್ ಕಮ್ಮಿ ಇರೋದು ಅಗ್ಗ. ಕೂಲಿ ಮಾಡೋನು ಯಾವುದು ತಗೊಳ್ತಾನೆ? 40 ಯುನಿಟ್ ಉಚಿತ ಇರೋ ಮನೆಯಲ್ಲಿ ಹಳೇ ಫ್ಯಾನು ಒಂದೇ ಓಡುತ್ತೆ. ಅದೇ 40 ಯುನಿಟ್‌ನಲ್ಲಿ ಹೊಸ ಫ್ಯಾನು ಎರಡು ಓಡಿಸಿ, ಮಕ್ಕಳು ಓದೋಕೆ ಲೈಟೂ ಹಾಕಬಹುದು. ಶೀಟಿನ ಮನೆಯಲ್ಲಿ ಏಪ್ರಿಲ್ ತಿಂಗಳ ರಾತ್ರಿ ಎರಡನೇ ಫ್ಯಾನು ಅಂದ್ರೆ ಏನು ಅಂತ ಶೀಟಿನ ಮನೆಯಲ್ಲಿ ಮಲಗಿದವರಿಗೇ ಗೊತ್ತು.

ಹಾಗಾದ್ರೆ ಸೋಲಾರ್ ಬೇಡವಾ?

ಕೆಲವರು ಕೇಳೇ ಕೇಳ್ತೀರಿ. ಬೇಕು. ಖಂಡಿತ ಬೇಕು. ಕಲ್ಲಿದ್ದಲಿನ ಬೂದಿ ಯಾರ ಮನೆ ಮೇಲೆ ಬೀಳುತ್ತೆ ಅಂತ ರಾಯಚೂರಿನ ಶಕ್ತಿನಗರದ ಸುತ್ತ ಹಳ್ಳಿಯವರನ್ನ ಕೇಳಿ. ಮಳೆ ಕೆಟ್ಟು ಬರ ಬಂದ್ರೆ ಮೊದಲು ಗುಳೆ ಹೋಗೋರು ನಾವು. ಬಿಸಿಲು ಏರಿದ್ರೆ ಕಟ್ಟಡದ ಮೇಲೆ ಕಬ್ಬಿಣ ಕಟ್ಟೋರು, ಚರಂಡಿಗೆ ಇಳಿಯೋರು, ಇಟ್ಟಿಗೆ ಗೂಡಲ್ಲಿ ನಿಲ್ಲೋರು ನಮ್ಮವರು. ಹವಾಮಾನ ಕೆಟ್ಟರೆ ಮೊದಲ ಪೆಟ್ಟು ನಮಗೇ. ಹಾಗಾಗಿ ಹೊಗೆ ಇಲ್ಲದ ಕರೆಂಟು ಎಲ್ಲರಿಗಿಂತ ಹೆಚ್ಚು ನಮಗೆ ಬೇಕು.

1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿತು. ಅದು ಮೊದಲು ಹೋಗಿದ್ದು ಎಲ್ಲಿಗೆ? ಕೋಲಾರದ ಚಿನ್ನದ ಗಣಿಗೆ, ಇಂಗ್ಲಿಷ್ ಕಂಪನಿಗೆ. ಆ ಗಣಿಯ ಆಳಕ್ಕೆ ಇಳಿದು ಕಲ್ಲು ಒಡೆದವರಲ್ಲಿ ಬಹುಪಾಲು ದಲಿತರು. ಚಿನ್ನ ಲಂಡನ್ನಿಗೆ ಹೋಯ್ತು, ದೂಳು ಕಾರ್ಮಿಕರ ಶ್ವಾಸಕೋಶಕ್ಕೆ ಹೋಯ್ತು. ಆ ಕರೆಂಟೂ ಹೊಗೆ ಇಲ್ಲದ್ದೇ, ನೀರಿನಿಂದ ಬಂದದ್ದು. ಕರೆಂಟು ಯಾವುದರಿಂದ ಬಂತು ಅನ್ನೋದರ ಜೊತೆ ಯಾರಿಗೆ ಹೋಯ್ತು ಅಂತಾನೂ ಕೇಳಬೇಕು ಅನ್ನೋದಕ್ಕೆ ಬೇರೆ ಪಾಠ ಬೇಕಾ?

ಬೈದು ಬಿಡೋದು ಸುಲಭ. ನಾವು ಕೇಳಬೇಕಾದ್ದೇನು ಅಂತಾನೂ ಬರೆದಿದ್ದೀನಿ. ತಿದ್ದಿ, ಸೇರಿಸಿ:

1. ಸೋಲಾರ್ ಪಾರ್ಕ್, ಗಾಳಿಯಂತ್ರಗಳಿಗೆ ಭೂಮಿ ಗುತ್ತಿಗೆ ಕೊಡುವಾಗ ಆ ಊರಿನ ಭೂರಹಿತ ಕೂಲಿ ಕುಟುಂಬಗಳ ಪಟ್ಟಿ ಮೊದಲೇ ಆಗಬೇಕು. ಗುತ್ತಿಗೆ ಇರೋವಷ್ಟು ವರ್ಷವೂ ಅವರಿಗೆ ವಾರ್ಷಿಕ ಜೀವನೋಪಾಯ ಭತ್ಯೆ ಬೇಕು. ಪಾವಗಡದಲ್ಲಿ ಪಾರ್ಕ್ ವಿಸ್ತರಣೆಯ ಮಾತು ನಡೀತಿದೆ. ಹೊಸ ಎಕರೆ ತಗೊಳ್ಳೋ ಮುಂಚೆ ಹಳೇ ಬಾಕಿ ಇತ್ಯರ್ಥ ಆಗಲಿ.

2. ಅರ್ಹ ಬಗರ್‌ಹುಕುಂ ಅರ್ಜಿಗಳು ಇತ್ಯರ್ಥ ಆಗೋವರೆಗೆ ಆ ಸರ್ವೆ ನಂಬರ್‌ಗಳನ್ನ ಯಾವ ಕಂಪನಿಗೂ ಕೊಡಬಾರದು.

3. ಶೀಟಿನ ಮನೆಗಳಿಗೆ ಸಾಮೂಹಿಕ ಸೋಲಾರ್. ಅಂಬೇಡ್ಕರ್ ಭವನ, ಶಾಲೆ, ಹಾಸ್ಟೆಲ್ ಮೇಲೆ ಪ್ಯಾನೆಲ್ ಹಾಕಿ, ಅದರ ಯುನಿಟ್‌ಗಳನ್ನ ಕೇರಿಯ ಮನೆಗಳ ಮೀಟರ್‌ಗೆ ಜಮಾ ಮಾಡಿ. ಒಡೆತನ ಕೇರಿಯ ಮಹಿಳಾ ಸಂಘದ್ದಾಗಿರಲಿ.

4. ಗೃಹಜ್ಯೋತಿಯಲ್ಲಿ ಹಳೇ ಸರಾಸರಿ ಬಿಟ್ಟು ಬಡ ಮನೆಗಳಿಗೆ ಕನಿಷ್ಠ 100 ಯುನಿಟ್ ನಿಗದಿ ಮಾಡಿ. ಅದಕ್ಕೆ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣ ಮುಟ್ಟಬೇಡಿ.

5. ಎಲ್‌ಇಡಿ ಬಲ್ಬು ಹಂಚಿದ ಹಾಗೆ ಕಮ್ಮಿ ಕರೆಂಟಿನ ಫ್ಯಾನುಗಳನ್ನ ಸಗಟಾಗಿ ಕೊಂಡು ಭಾಗ್ಯಜ್ಯೋತಿ, ಕುಟೀರಜ್ಯೋತಿ ಮನೆಗಳಿಗೆ ಕೊಡಿ.

ಸಂಗಾತಿಗಳಲ್ಲಿ ಒಂದು ಕೋರಿಕೆ. ಮುಂದಿನ ಗ್ರಾಮಸಭೆಗೆ ಹೋದಾಗ ಒಂದೇ ಒಂದು ಪ್ರಶ್ನೆ ಕೇಳಿ: ನಮ್ಮ ಪಂಚಾಯಿತಿಯಲ್ಲಿ ಸೋಲಾರ್ ಸಬ್ಸಿಡಿ ಎಷ್ಟು ಮನೆಗೆ ಬಂದಿದೆ, ಅದರಲ್ಲಿ ಎಸ್‌ಸಿ, ಎಸ್‌ಟಿ ಮನೆ ಎಷ್ಟು? ಉತ್ತರ ಕೊಡದಿದ್ರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಬಂದ ಉತ್ತರವನ್ನ ಇಲ್ಲಿ ಕಾಮೆಂಟಲ್ಲಿ ಹಾಕಿ. ಹತ್ತು ತಾಲ್ಲೂಕಿನ ಲೆಕ್ಕ ಸಿಕ್ಕಿದ್ರೆ ಅದನ್ನಿಟ್ಕೊಂಡು ಸಚಿವರ ಮುಂದೆ ಹೋಗಿ ಕೂರೋಣ. ಲೆಕ್ಕ ಇಲ್ಲದೆ ಹೋದ್ರೆ ಟೀ ಕೊಟ್ಟು ಕಳಿಸ್ತಾರೆ.

ಅವ್ವ ಆ ಪಾಂಪ್ಲೆಟ್ಟನ್ನ ಇನ್ನೂ ಎಸೆದಿಲ್ಲ. ಟ್ರಂಕಿನಲ್ಲಿ ರೇಷನ್ ಕಾರ್ಡ್ ಜೊತೆ ಇಟ್ಟಿದ್ದಾಳೆ. ಫೋನ್ ಮಾಡಿದಾಗೆಲ್ಲ ಕೇಳ್ತಾಳೆ, "ಏನಾಯ್ತೋ ಅದು?" ಅಂತ.

ಏನಾಯ್ತು ಅಂತ ಹೇಳೋಕೆ ನನಗೊಂದು ಉತ್ತರ ಬೇಕು. ಅದಕ್ಕೆ ನಿಮ್ಮನ್ನ ಕೇಳ್ತಿದ್ದೀನಿ.

ಜೈಭೀಮ್.